ಡ್ವಾರ್ಫ್ ಫೋರ್ಟ್ರೆಸ್ ಗುಂಗು: ಬಿಡಿಸಿಕೊಳ್ಳುವುದು ಹೇಗೆ, ಬಿಡಿಸಿಕೊಳ್ಳಲೇಬೇಕೇ?

ಸುರಂಗವಾಸಿ (ಪ್ರಶ್ನೆ)

ತಂತ್ರಗಾರಿಕೆಯ ಆಟಗಳನ್ನು ನಾನು ಬಹಳ ಕಾಲದಿಂದ ಆಡುತ್ತ ಬಂದಿದ್ದೇನೆ. ನಗರ ಕಟ್ಟುವ ಆಟವಿರಲಿ, ಸಾಮ್ರಾಜ್ಯ ಬೆಳೆಸುವ ಆಟವಿರಲಿ, ಕೆಲವು ವಾರ ಮನಸ್ಸಿಟ್ಟು ಆಡಿ, ಒಳಗುಟ್ಟು ತಿಳಿದ ಮೇಲೆ ಬದಿಗಿಡುವುದು ನನ್ನ ರೂಢಿ. ಕುಬ್ಜರಿಗಾಗಿ ನೆಲದಡಿಯಲ್ಲಿ ಕೋಟೆ ಕಟ್ಟುವ ಕಂಪ್ಯೂಟರ್ ಆಟವಾದ ಡ್ವಾರ್ಫ್ ಫೋರ್ಟ್ರೆಸ್ ಹಿಡಿದ ಮೇಲೆ ಆ ರೂಢಿ ಮುರಿದುಹೋಗಿದೆ. ಏಳು ಮಂದಿ ಕುಬ್ಜರು ಒಂದು ಬಂಡಿಯೊಂದಿಗೆ ಬೆಟ್ಟದ ಬುಡದಲ್ಲಿ ಬಂದಿಳಿಯುತ್ತಾರೆ. ಚಳಿಗಾಲದೊಳಗೆ ಅವರಿಗೆ ನೆಲದಡಿಯಲ್ಲಿ ಒಂದು ಅಣಬೆಯ ಹೊಲ, ಒಂದು ಭಟ್ಟಿ, ಮಲಗಲು ಕೋಣೆಗಳು ಆದರೆ ಇವತ್ತಿಗೆ ಸಾಕು ಎಂದುಕೊಂಡು ಕೂರುತ್ತೇನೆ. ಅಷ್ಟರಲ್ಲಿ ವಲಸಿಗರು ಬರುತ್ತಾರೆ, ಅವರಿಗೆ ಹಾಸಿಗೆ ಬೇಕು, ಹಾಸಿಗೆಗೆ ಮರ ಬೇಕು, ಮರ ಕಡಿಯಲು ಹೋದವನ ಮೇಲೆ ಯಾವುದೋ ಪ್ರಾಣಿ ಎರಗುತ್ತದೆ, ಗಾಯಾಳುವಿಗೆ ಆಸ್ಪತ್ರೆ ಬೇಕು, ಆಸ್ಪತ್ರೆಗೆ ಶುದ್ಧ ನೀರು ಬೇಕು, ನೀರಿಗೆ ಬಾವಿ ಬೇಕು. ಬಾವಿ ಮುಗಿಸಿ ತಲೆಯೆತ್ತಿ ನೋಡಿದರೆ ನಡುರಾತ್ರಿ ದಾಟಿರುತ್ತದೆ.

ಇತ್ತೀಚೆಗೆ ನಡೆದ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ಭೋಜನಶಾಲೆಯ ಗೋಡೆಗಳನ್ನು ನಯಗೊಳಿಸಿ ಕೆತ್ತನೆ ಮಾಡಲು ಒಬ್ಬ ಕುಬ್ಜನಿಗೆ ಒಪ್ಪಿಸಿದ್ದೆ. ಕೆಲಸ ಮುಗಿದ ಮೇಲೆ ಒಂದೊಂದೇ ಕೆತ್ತನೆಯ ವಿವರಣೆ ಓದುತ್ತ ಹೋದಾಗ, ಅವುಗಳಲ್ಲಿ ಒಂದು ನಮ್ಮದೇ ಕೋಟೆಯ ಹೆಬ್ಬಾಗಿಲಲ್ಲಿ, ಕುಬ್ಜರ ಶತ್ರುಗಳಾದ ಗಾಬ್ಲಿನ್‌ಗಳಲ್ಲಿ ಒಂದರ ಕೈಯಲ್ಲಿ ಸತ್ತ ಕಮ್ಮಾರನ ಚಿತ್ರವಾಗಿತ್ತು. ಆ ಕಮ್ಮಾರನ ಸಾವನ್ನು ನಾನು ಮರೆತೇಬಿಟ್ಟಿದ್ದೆ, ಆದರೆ ಕೋಟೆ ಮರೆತಿರಲಿಲ್ಲ. ಆ ದಿನದಿಂದ ಆಟ ಮುಚ್ಚಿದ ಮೇಲೂ ಅದರ ಗುಂಗು ಬಿಡುತ್ತಿಲ್ಲ. ಊಟದ ಹೊತ್ತಿನಲ್ಲೂ ತಲೆಯಲ್ಲಿ ನಾಲೆಗಳ ನಕ್ಷೆಯೇ ಓಡುತ್ತಿರುತ್ತದೆ.

ನನ್ನ ಪ್ರಶ್ನೆಗಳು ಎರಡು. ಉಳಿದ ಆಟಗಳಲ್ಲಿಲ್ಲದ ಯಾವ ಗುಣ ಈ ಆಟದಲ್ಲಿದೆ, ಅದು ಮನಸ್ಸನ್ನು ಹೀಗೆ ಹಿಡಿದಿಡುವುದೇಕೆ? ವರ್ಷಗಟ್ಟಲೆ ಆಡಿರುವವರು, ಆಟದ ಸೊಗಸನ್ನು ಕೆಡಿಸಿಕೊಳ್ಳದೆ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಗೆ ಕಂಡುಕೊಂಡಿದ್ದೀರಿ? ಆಟವನ್ನೇ ಬಿಟ್ಟುಬಿಡಿ ಎಂಬ ಉತ್ತರ ನನಗೆ ಗೊತ್ತಿದೆ, ಆದ್ದರಿಂದ ಅದನ್ನು ಹೊರತುಪಡಿಸಿ ಹೇಳಬೇಕೆಂದು ಕೋರುತ್ತೇನೆ.

ಕಲ್ಲುಕುಟಿಗ

ಸುರಂಗವಾಸಿಯವರೇ, ಎರಡನೆಯ ಪ್ರಶ್ನೆಗೆ ಉತ್ತರಿಸುವವರು ಬೇರೆಯವರಿದ್ದಾರೆ. ನಾನು ಮೊದಲನೆಯದನ್ನಷ್ಟೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಆಟದ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ವಿಷಯ ಅದೇ.

ಹೆಚ್ಚಿನ ಆಟಗಳಲ್ಲಿ ಏನಾಗಬೇಕೆಂಬುದನ್ನು ತಯಾರಕರು ಮೊದಲೇ ನಿರ್ಧರಿಸಿ, ಅದಕ್ಕೆ ತಕ್ಕ ಲೆಕ್ಕವನ್ನು ಹಿಂದಿನಿಂದ ಕೂಡಿಸಿರುತ್ತಾರೆ. ಪ್ರವಾಹ ಬರಬೇಕೆಂದರೆ ಪ್ರವಾಹವೆಂಬ ಒಂದು ಘಟನೆಯನ್ನು ಬರೆದಿಟ್ಟಿರುತ್ತಾರೆ. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಅಂಥ ಘಟನೆಯನ್ನು ಯಾರೂ ಬರೆದಿಲ್ಲ, ಅಲ್ಲಿರುವುದು ನೀರು ಮಾತ್ರ. ಪ್ರತಿಯೊಂದು ಚೌಕದಲ್ಲೂ ನೀರಿಗೆ 1ರಿಂದ 7ರವರೆಗೆ ಆಳವಿದೆ, ಅದಕ್ಕೆ ಒತ್ತಡವಿದೆ. ಎತ್ತರದ ನದಿಯಿಂದ ನಾಲೆ ತೋಡಿ ಕೆಳಗಿನ ತೊಟ್ಟಿಗೆ ನೀರು ಬಿಟ್ಟರೆ, ಅದು ತೊಟ್ಟಿ ತುಂಬಿದ ಮೇಲೆ ಸುಮ್ಮನಿರದೆ, ತಾನು ಹೊರಟ ಮಟ್ಟವನ್ನು ಮುಟ್ಟುವವರೆಗೂ ಬಾವಿಯ ಬಾಯಿಂದ ಉಕ್ಕಿ ಬರುತ್ತದೆ. ಅದೇ ನಾಲೆಯನ್ನು ಒಂದು ಕಡೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಾತ್ರ ಹರಿಯುವಂತೆ ತೋಡಿದರೆ, ಆ ಓರೆದಾರಿಯನ್ನು ದಾಟುವಾಗ ಒತ್ತಡ ಕಳೆದುಹೋಗಿ, ನೀರು ತೊಟ್ಟಿಯಲ್ಲಿ ತಣ್ಣಗೆ ನಿಲ್ಲುತ್ತದೆ. ಇದನ್ನು ಆಟ ಎಲ್ಲೂ ಪಾಠವಾಗಿ ಹೇಳಿಕೊಡುವುದಿಲ್ಲ. ಮಲಗುವ ಕೋಣೆಗಳೆಲ್ಲ ಮುಳುಗಿದ ಮೇಲೆ ಕಾರಣ ಹುಡುಕುತ್ತ ಹೋದವನಿಗೆ ಅದು ಸಿಗುತ್ತದೆ, ಸಿಕ್ಕ ಕ್ಷಣದಲ್ಲೇ ಮುಂದಿನ ಕೋಟೆಯ ನಾಲೆ ತಲೆಯಲ್ಲಿ ತಯಾರಾಗಿರುತ್ತದೆ. ನಿಮ್ಮ ತಲೆಯಲ್ಲಿ ಊಟದ ಹೊತ್ತಿನಲ್ಲಿ ಓಡುವ ನಕ್ಷೆ ಅದೇ ಇರಬೇಕು.

ಬೆಕ್ಕುಗಳ ಪ್ರಸಂಗ ಇದಕ್ಕಿಂತ ಒಳ್ಳೆಯ ಉದಾಹರಣೆ. 2015ರ ಡಿಸೆಂಬರ್‌ನಲ್ಲಿ ಆಟಕ್ಕೆ ಪಾನಗೃಹಗಳು ಸೇರಿಕೊಂಡವು. ಅದರ ಬೆನ್ನಲ್ಲೇ ಕೋಟೆಯ ಬೆಕ್ಕುಗಳು ಸಾಯುತ್ತಿವೆ, ಅವುಗಳ ಸುತ್ತ ವಾಂತಿ ಬಿದ್ದಿರುತ್ತದೆ ಎಂಬ ದೂರು ಬಂತು. ಆಟದ ನಿರ್ಮಾತೃ ಟಾರ್ನ್ ಆಡಮ್ಸ್ ಹುಡುಕಿ ನೋಡಿದಾಗ ತಿಳಿದದ್ದು ಇಷ್ಟು: ಕುಬ್ಜರು ಕುಡಿಯುವಾಗ ಮದ್ಯ ನೆಲಕ್ಕೆ ಚೆಲ್ಲುತ್ತದೆ, ಅದರ ಮೇಲೆ ಓಡಾಡಿದ ಬೆಕ್ಕಿನ ಪಾದಕ್ಕೆ ಅದು ಅಂಟುತ್ತದೆ, ಬೆಕ್ಕು ತನ್ನ ಸ್ವಭಾವದಂತೆ ಪಾದ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ಆಗ ಲೆಕ್ಕದಲ್ಲಿ ಒಂದು ಇಡೀ ಲೋಟದಷ್ಟು ಮದ್ಯ ಅದರ ಹೊಟ್ಟೆ ಸೇರುತ್ತದೆ, ಆ ಪುಟ್ಟ ದೇಹಕ್ಕೆ ಅಷ್ಟು ಮದ್ಯ ವಿಷವಾಗುತ್ತದೆ. ಇಲ್ಲಿ ದೋಷವಿದ್ದುದು ಲೋಟದ ಲೆಕ್ಕದಲ್ಲಿ ಮಾತ್ರ. ಚೆಲ್ಲುವುದು, ಅಂಟುವುದು, ನೆಕ್ಕುವುದು, ದೇಹದ ಗಾತ್ರಕ್ಕೆ ತಕ್ಕಂತೆ ಅಮಲೇರುವುದು ಇವೆಲ್ಲವೂ ಬೇರೆ ಬೇರೆ ಕಾರಣಗಳಿಗಾಗಿ ಆಟಕ್ಕೆ ಸೇರಿದ್ದವು. ಬೆಕ್ಕಿಗೆ ಮದ್ಯ ಕುಡಿಸಬೇಕೆಂದು ಯಾರೂ ಬರೆದಿರಲಿಲ್ಲ. ನೀವು ಓದಿದ ಕಮ್ಮಾರನ ಕೆತ್ತನೆಯೂ ಇದೇ ಬಗೆಯದು. ಅವನ ಸಾವು ಆ ಲೋಕದ ಇತಿಹಾಸದಲ್ಲಿ ದಾಖಲಾಗಿತ್ತು, ಕೆತ್ತುವವನು ಇತಿಹಾಸದಿಂದ ವಸ್ತುವನ್ನು ಆರಿಸಿಕೊಂಡ.

ಇಷ್ಟು ಆಳದ ಕೆಲಸ ಒಂದೆರಡು ವರ್ಷಗಳಲ್ಲಿ ಆಗುವಂಥದ್ದಲ್ಲ. ಟಾರ್ನ್ ಮತ್ತು ಅವರ ಅಣ್ಣ ಝ್ಯಾಕ್ ಇಬ್ಬರೇ 2002ರಲ್ಲಿ ಆರಂಭಿಸಿ, 2006ರ ಆಗಸ್ಟ್‌ನಲ್ಲಿ ಮೊದಲ ಸಾರ್ವಜನಿಕ ಆವೃತ್ತಿಯನ್ನು ಹೊರತಂದರು. ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಟಾರ್ನ್ ಅಧ್ಯಯನ ವೃತ್ತಿಯನ್ನು ಬಿಟ್ಟು ಇದಕ್ಕೇ ನಿಂತರು. ಆಟಗಾರರ ದೇಣಿಗೆಯಿಂದಲೇ ಬಹಳ ವರ್ಷ ನಡೆದ ಈ ಆಟ, ಚಿತ್ರಗಳೂ ಮೌಸ್ ಬಳಕೆಯೂ ಸೇರಿದ ರೂಪದಲ್ಲಿ ಆಟಗಳನ್ನು ಮಾರುವ ಸ್ಟೀಮ್ ಜಾಲತಾಣಕ್ಕೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, ಪರದೆಯ ತುಂಬ ಬರೀ ಅಕ್ಷರಗಳಿದ್ದ ಕಾಲದಲ್ಲೇ, ನ್ಯೂಯಾರ್ಕ್‌ನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಇದನ್ನು ತನ್ನ ಸಂಗ್ರಹಕ್ಕೆ ಆರಿಸಿಕೊಂಡಿತ್ತು. ನಿಮ್ಮನ್ನು ಹಿಡಿದಿರುವುದು ಬಣ್ಣವೋ ಬಹುಮಾನವೋ ಅಲ್ಲ. ಪ್ರತಿಯೊಂದು ನಾಶಕ್ಕೂ ಇಲ್ಲಿ ಹುಡುಕಿದರೆ ಸಿಗುವ ಕಾರಣವಿದೆ, ಕಾರಣ ಸಿಕ್ಕ ಮೇಲೆ ಅದನ್ನು ಪರೀಕ್ಷಿಸಿ ನೋಡದೆ ಏಳಲು ಮನಸ್ಸು ಒಪ್ಪುವುದಿಲ್ಲ.

ನಿಧಾನಿ

ಕಲ್ಲುಕುಟಿಗ ಅವರು ಹೇಳಿದ್ದು ಆಟದ ಒಳಗಿನ ಸೆಳೆತ. ರಾತ್ರಿ ಹೇಗೆ ಕಳೆದುಹೋಗುತ್ತದೆ ಎಂಬುದಕ್ಕೆ ಇನ್ನೊಂದು ಸರಳ ಲೆಕ್ಕವಿದೆ, ಅದನ್ನು ತಿಳಿದುಕೊಂಡ ಮೇಲೆ ನನಗೆ ಬಹಳ ಉಪಯೋಗವಾಯಿತು.

ಆಟದ ವರ್ಷಕ್ಕೆ 12 ತಿಂಗಳು, ತಿಂಗಳಿಗೆ 28 ದಿನ, ಒಟ್ಟು 336 ದಿನ. ಕೋಟೆ ಆಟದಲ್ಲಿ ಒಂದು ದಿನವೆಂದರೆ 1,200 ಹೆಜ್ಜೆಗಳ ಲೆಕ್ಕ (ಆಟದ ಕಾಲ ಒಮ್ಮೆ ಮುಂದೆ ಸರಿಯುವುದು ಒಂದು ಹೆಜ್ಜೆ). ವೇಗದ ಮಿತಿಯನ್ನು ಬದಲಿಸದಿದ್ದರೆ ಸೆಕೆಂಡಿಗೆ 100 ಹೆಜ್ಜೆ. ಹೀಗಾಗಿ ಕೋಟೆ ಚಿಕ್ಕದಿದ್ದು ಆಟ ಪೂರ್ಣ ವೇಗದಲ್ಲಿ ಓಡಿದರೆ ಒಂದು ಋತು ಸುಮಾರು 17 ನಿಮಿಷದಲ್ಲಿ, ಇಡೀ ವರ್ಷ 67 ನಿಮಿಷದಲ್ಲಿ ಮುಗಿಯಬೇಕು. ಆದರೆ ಯಾರಿಗೂ ಹಾಗೆ ಮುಗಿಯುವುದಿಲ್ಲ, ಏಕೆಂದರೆ ನಾವು ಹೆಚ್ಚು ಹೊತ್ತು ಕಳೆಯುವುದು ಆಟವನ್ನು ನಿಲ್ಲಿಸಿಟ್ಟ ಸ್ಥಿತಿಯಲ್ಲಿ. ಸುರಂಗದ ಗುರುತು ಹಾಕುವುದು, ದಾಸ್ತಾನು ವಿಂಗಡಿಸುವುದು, ಯಾವ ಕುಬ್ಜ ಏಕೆ ಖಿನ್ನನಾಗಿದ್ದಾನೆಂದು ಓದುವುದು ಇವೆಲ್ಲವೂ ಕೋಟೆಯ ಕಾಲ ಒಂದು ಕ್ಷಣವೂ ಸರಿಯದಿರುವಾಗ ನಡೆಯುತ್ತವೆ. ಪರದೆಯ ಮೇಲಿನ ದಿನಾಂಕ ವಸಂತದ ಅದೇ ದಿನವನ್ನು ತೋರಿಸುತ್ತಿರುತ್ತದೆ, ಕಣ್ಣು ಅದನ್ನೇ ನಂಬುತ್ತದೆ.

ಇನ್ನೊಂದು ಕಡೆಯಿಂದಲೂ ಕಾಲ ಹಿಗ್ಗುತ್ತದೆ. ಕೋಟೆ ಬೆಳೆದಂತೆ ಪ್ರತಿಯೊಬ್ಬ ಕುಬ್ಜನೂ ಪ್ರತಿಯೊಂದು ಪ್ರಾಣಿಯೂ ತಾನು ಹೋಗಬೇಕಾದ ದಾರಿಯನ್ನು ಹುಡುಕುವ ಲೆಕ್ಕ ಭಾರವಾಗುತ್ತ, ವೇಗ 100ರಿಂದ 20ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಆಗ ಅದೇ ಋತುವಿಗೆ 84 ನಿಮಿಷ ಬೇಕಾಗುತ್ತದೆ, ವರ್ಷಕ್ಕೆ ಐದೂವರೆ ಗಂಟೆಗೂ ಹೆಚ್ಚು. ಈ ಋತುವೊಂದನ್ನು ಮುಗಿಸಿ ಏಳುತ್ತೇನೆ ಎಂಬ ಮಾತು ಮೊದಲ ವರ್ಷದಲ್ಲಿ ನಡೆಯುತ್ತದೆ, ಹತ್ತನೆಯ ವರ್ಷದಲ್ಲಿ ನಡೆಯುವುದಿಲ್ಲ, ಮಾತು ಮಾತ್ರ ಅದೇ ಇರುತ್ತದೆ.

ಆದ್ದರಿಂದ ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಋತು ಬದಲಾದಾಗ ಆಟ ತಾನಾಗಿಯೇ ಉಳಿಸಿಕೊಳ್ಳುವಂತೆ ಆಯ್ಕೆಗಳಲ್ಲಿ ಹೊಂದಿಸಿದ್ದೇನೆ. ಏಳುವ ಹೊತ್ತನ್ನು ಮಾತ್ರ ಕೋಟೆಯ ಕ್ಯಾಲೆಂಡರ್‌ಗೆ ಒಪ್ಪಿಸದೆ ಗೋಡೆಯ ಗಡಿಯಾರಕ್ಕೆ ಒಪ್ಪಿಸಿದ್ದೇನೆ. ಹೊತ್ತಾದಾಗ ಮುತ್ತಿಗೆ ನಡೆಯುತ್ತಿದ್ದರೂ ನಿಲ್ಲಿಸಿ, ಮುಂದೇನು ಮಾಡಬೇಕೆಂಬುದನ್ನು ಎರಡು ಸಾಲಿನಲ್ಲಿ ಕಾಗದದ ಮೇಲೆ ಬರೆದಿಟ್ಟು ಏಳುತ್ತೇನೆ. ಬರೆದಿಡುವ ಈ ಎರಡು ಸಾಲು ಬಹಳ ಮುಖ್ಯ. ಮರೆತುಹೋದೀತು ಎಂಬ ಭಯವೇ ಅರ್ಧ ರಾತ್ರಿ ನಮ್ಮನ್ನು ಕೂರಿಸುವುದು, ಬರೆದ ಮೇಲೆ ಆ ಭಯ ಹೋಗುತ್ತದೆ. ಜನಸಂಖ್ಯೆಯ ಮಿತಿ 200 ಎಂದಿರುವುದನ್ನು ಆಯ್ಕೆಗಳಲ್ಲಿ 60 ಅಥವಾ 80ಕ್ಕೆ ಇಳಿಸಿಕೊಂಡರೆ ವೇಗವೂ ಉಳಿಯುತ್ತದೆ, ಒಬ್ಬೊಬ್ಬ ಕುಬ್ಜನ ಹೆಸರೂ ನೆನಪಿರುತ್ತದೆ.

ಇತಿಹಾಸಪ್ರಿಯೆ

ಗಡಿಯಾರದ ಉಪಾಯವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದು ಒಂದು ರಾತ್ರಿಗೆ ಸಲ್ಲುವ ಉತ್ತರ. ಸುರಂಗವಾಸಿಯವರು ಕೇಳಿದ್ದು ಇಡೀ ಕೋಟೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಒಳಗೊಂಡಿದೆಯೆಂದು ನಾನು ತಿಳಿದಿದ್ದೇನೆ. ಈ ಆಟದಲ್ಲಿ ಗೆಲುವು ಎಂಬುದಿಲ್ಲ. ಕೋಟೆ ಬೀಳಬಹುದು, ಆಟಗಾರ ಅದನ್ನು ಬಿಟ್ಟುಹೋಗಬಹುದು, ಇವೆರಡೇ ಕೊನೆಗಳು. ಸೋಲುವುದೇ ಮಜಾ ಎಂಬ ಘೋಷವಾಕ್ಯ ಈ ಆಟದ ಬಳಗದಲ್ಲಿ ಹಳೆಯದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಸೋಲಿಗಾಗಿಯೇ ಕಾಯುತ್ತ ಕುಳಿತರೆ, ಚೆನ್ನಾಗಿ ಕಲಿತ ಆಟಗಾರನ ಕೋಟೆ ಬೀಳುವುದೇ ಇಲ್ಲ. ಹೆಬ್ಬಾಗಿಲ ಸೇತುವೆಯನ್ನು ಎತ್ತಿಬಿಟ್ಟರೆ, ಒಳಗೆ ಹೊಲವೂ ನೀರೂ ಮದ್ಯವೂ ಇದ್ದರೆ, ಹೊರಗಿನ ಮುತ್ತಿಗೆ ಎಷ್ಟು ಕಾಲ ಬೇಕಾದರೂ ಇರಲಿ, ಒಳಗಿನವರಿಗೆ ಊಟ ನಡೆಯುತ್ತದೆ. ಅಂಥ ಕೋಟೆಯಲ್ಲಿ ಆಟಗಾರ ಉಳಿಯುವುದು ಆಸಕ್ತಿಯಿಂದಲ್ಲ, ಬಿಟ್ಟುಹೋಗಲು ಕಾರಣ ಸಿಗದೆ. ಆ ಗಂಟೆಗಳು ನಿಜಕ್ಕೂ ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಕೋಟೆಗೆ ಜಾಗ ಆರಿಸುವ ಮೊದಲೇ ಅದರ ಉದ್ದೇಶವನ್ನು ಒಂದು ವಾಕ್ಯದಲ್ಲಿ ನಿಶ್ಚಯಿಸಿಕೊಳ್ಳಿ. ಈ ಕೋಟೆ ಉಕ್ಕು ತಯಾರಿಸಲು, ಈ ಕೋಟೆ ದೊಡ್ಡ ಗ್ರಂಥಾಲಯ ಕಟ್ಟಲು, ಈ ಕೋಟೆ ನೆಲದಡಿಯ ಗುಹೆಗಳ ಮೂರನೆಯ ಸ್ತರದ ಆಳದಲ್ಲಿ ಜನವಸತಿ ಮಾಡಲು, ಹೀಗೆ. ಉಕ್ಕನ್ನೇ ತೆಗೆದುಕೊಂಡರೆ ಅದರಲ್ಲೇ ಪೂರ್ತಿ ಒಂದು ಕಥೆಯಿದೆ: ಕಬ್ಬಿಣದ ಅದಿರು, ಸುಣ್ಣಕಲ್ಲಿನಂಥ ಶೋಧಕ ಕಲ್ಲು, ಕಲ್ಲಿದ್ದಲು ಅಥವಾ ಇದ್ದಿಲು ಮೂರೂ ಸಿಗುವ ಜಾಗ ಹುಡುಕಬೇಕು, ಒಂದಷ್ಟು ಕಬ್ಬಿಣವನ್ನು ಬೀಡುಕಬ್ಬಿಣ ಮಾಡಿ, ಅದನ್ನು ಮತ್ತೆ ಕಬ್ಬಿಣದೊಂದಿಗೆ ಕರಗಿಸಬೇಕು, ಪ್ರತಿ ಹಂತಕ್ಕೂ ಉರುವಲು ಬೇಕು. ಇಡೀ ಪಡೆಗೆ ಉಕ್ಕಿನ ಕವಚ ತೊಡಿಸಿದ ದಿನ ಆ ಕೋಟೆಯ ಕೆಲಸ ಮುಗಿಯಿತು. ಆಗ ಅದನ್ನು ಅಳಿಸಬೇಡಿ, ನಿವೃತ್ತಿಗೊಳಿಸಿ. 2014ರ ಆವೃತ್ತಿಯಿಂದ ಈ ಸೌಲಭ್ಯವಿದೆ. ನಿಮ್ಮ ಕುಬ್ಜರು ಅಲ್ಲೇ ಉಳಿಯುತ್ತಾರೆ, ಲೋಕ ಮುಂದುವರಿಯುತ್ತದೆ, ಅದೇ ಲೋಕದಲ್ಲಿ ಬೇರೆಡೆ ಹೊಸ ಕೋಟೆ ಹೂಡಬಹುದು, ಬೇಕೆನಿಸಿದರೆ ಹಳೆಯದಕ್ಕೇ ಮರಳಬಹುದು, ಇಲ್ಲವೇ ಒಬ್ಬ ಸಾಹಸಿಯಾಗಿ ನಡೆದುಹೋಗಿ ನೀವೇ ತೋಡಿಸಿದ ಸಭಾಂಗಣದಲ್ಲಿ ನಿಲ್ಲಬಹುದು.

ನಿವೃತ್ತಿಯ ನಂತರ ಲೆಜೆಂಡ್ಸ್ ಮೋಡ್ ತೆರೆದು ಆ ಲೋಕದ ಇತಿಹಾಸವನ್ನು ಓದುವುದು ನನ್ನ ಮಟ್ಟಿಗೆ ಆಟದ ಅತ್ಯುತ್ತಮ ಭಾಗ. ನಿಮ್ಮ ಕಮ್ಮಾರನನ್ನು ಕೊಂದ ಗಾಬ್ಲಿನ್‌ಗೆ ಹೆಸರಿದೆ, ಹುಟ್ಟಿದ ವರ್ಷವಿದೆ. ಅದು ನಿಮ್ಮ ಕೋಟೆಗೆ ಬರುವ ಮೊದಲು ಎಲ್ಲಿತ್ತು, ಯಾವ ಯುದ್ಧದಲ್ಲಿತ್ತು ಎಂಬುದನ್ನು ಹುಡುಕಿ ನೋಡಬಹುದು. ಕೆಲವೊಮ್ಮೆ ಬಾಲ್ಯದಲ್ಲಿ ಕುಬ್ಜರ ಪಟ್ಟಣದಿಂದ ಅಪಹರಣಕ್ಕೊಳಗಾದ ಕುಬ್ಜನೇ ಗಾಬ್ಲಿನ್‌ಗಳ ಪಡೆಯಲ್ಲಿ ಬೆಳೆದು ಮುತ್ತಿಗೆಗೆ ಬಂದಿರುವುದೂ ಉಂಟು. ಅದನ್ನು ಓದಿದ ಮೇಲೆ ಹಿಂದೆ ಆಡಿದ ಯುದ್ಧ ಮತ್ತೊಂದು ರೀತಿಯಲ್ಲಿ ಕಾಣುತ್ತದೆ. ಒಂದೇ ಸಲಹೆ: ಲೋಕವನ್ನು ಸೃಷ್ಟಿಸುವಾಗ ಚಿಕ್ಕ ಗಾತ್ರವನ್ನೂ ಕಡಿಮೆ ವರ್ಷಗಳ ಇತಿಹಾಸವನ್ನೂ ಆರಿಸಿಕೊಳ್ಳಿ. ಆಗ ಹೆಸರುಗಳು ಮತ್ತೆ ಮತ್ತೆ ಎದುರಾಗಿ ಪರಿಚಿತವಾಗುತ್ತವೆ, ಕಂಪ್ಯೂಟರಿಗೂ ಭಾರ ಕಡಿಮೆ.

ಹಗಲುಗಣ್ಣು

ಮೇಲಿನ ಮೂವರೂ ಆಟವನ್ನು ಪ್ರೀತಿಸುವವರು, ನಾನೂ ಹಾಗೆಯೇ. ಆದರೂ ಪ್ರಶ್ನೆಯಲ್ಲಿ ನಿದ್ರೆಯ ಮಾತು ಬಂದಿರುವುದರಿಂದ ಒಂದು ವಿಷಯವನ್ನು ಗಂಭೀರವಾಗಿ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವನ್ನು ಒಂದು ಕಾಯಿಲೆಯಾಗಿ ಸೇರಿಸಲಾಗಿದೆ. ಅದರ ಲಕ್ಷಣಗಳಲ್ಲಿ ಗಂಟೆಗಳ ಎಣಿಕೆ ಇಲ್ಲ ಎಂಬುದನ್ನು ಗಮನಿಸಿ. ಆಡುವುದರ ಮೇಲೆ ಹತೋಟಿ ತಪ್ಪುವುದು, ಬದುಕಿನ ಉಳಿದ ಆಸಕ್ತಿ ಮತ್ತು ಕೆಲಸಗಳಿಗಿಂತ ಆಟವೇ ಮೇಲಾಗುತ್ತ ಹೋಗುವುದು, ಕೆಡುಕಾಗುತ್ತಿರುವುದು ಕಂಡರೂ ಮುಂದುವರಿಸುವುದು, ಈ ಮೂರೂ ಸೇರಿ, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಾಣಿಸಿಕೊಂಡು, ಮನೆ, ಓದು, ಉದ್ಯೋಗಗಳಿಗೆ ಗಣನೀಯ ಧಕ್ಕೆ ತಂದಿರಬೇಕು. ತಲೆಯಲ್ಲಿ ನಾಲೆಯ ನಕ್ಷೆ ಓಡುವುದು ಇದಲ್ಲ. ಸಂಗೀತ ಕಲಿಯುವವರ ತಲೆಯಲ್ಲಿ ರಾಗ ಓಡುವುದೂ ಅಷ್ಟೇ ಸಹಜ.

ನಿಮ್ಮನ್ನು ನೀವು ಕೇಳಿಕೊಳ್ಳಬಹುದಾದ ಪ್ರಶ್ನೆ ಬೇರೆ ಇದೆ. ಆಡದಿದ್ದ ದಿನ ಇನ್ನೊಂದು ಕೆಲಸ ಹಿತವಾಗಿ ಸಾಗುತ್ತದೆಯೇ? ಹತ್ತಿರದವರು ಕರೆದಾಗ ಏಳಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ನಿಧಾನಿಯವರ ಗಡಿಯಾರ ಸಾಕು. ಆಗುತ್ತಿಲ್ಲ, ಅದರಿಂದ ಕೆಲಸವೋ ಸಂಬಂಧವೋ ಕೆಡುತ್ತಿದೆ ಎಂದಾದರೆ ಜನಸಂಖ್ಯೆಯ ಮಿತಿ ಇಳಿಸುವುದರಿಂದ ಪ್ರಯೋಜನವಿಲ್ಲ. ಆಗ ಮಾನಸಿಕ ಆರೋಗ್ಯ ಬಲ್ಲ ವೈದ್ಯರೊಬ್ಬರ ಜೊತೆ ಮಾತಾಡಬೇಕು.

ಸುರಂಗವಾಸಿ

ಎಲ್ಲರಿಗೂ ಧನ್ಯವಾದಗಳು. ಹಗಲುಗಣ್ಣು ಅವರ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಕರೆದರೆ ಏಳುತ್ತೇನೆ, ಆಡದ ದಿನವೂ ದಿನ ಸಾಗುತ್ತದೆ, ಕೆಟ್ಟಿರುವುದು ನಿದ್ರೆ ಮಾತ್ರ. ಅದಕ್ಕೆ ಗಡಿಯಾರವನ್ನೂ ಎರಡು ಸಾಲಿನ ಟಿಪ್ಪಣಿಯನ್ನೂ ಇಂದಿನಿಂದಲೇ ಆರಂಭಿಸುತ್ತೇನೆ. ಇತಿಹಾಸಪ್ರಿಯೆಯವರ ಮಾತಿನಂತೆ ಈಗಿನ ಕೋಟೆಗೂ ತಡವಾಗಿಯಾದರೂ ಒಂದು ಉದ್ದೇಶ ಗೊತ್ತುಮಾಡಿದ್ದೇನೆ: ಆಳದ ಮ್ಯಾಗ್ಮಾ (ಕರಗಿದ ಕಲ್ಲು) ಕಡಲಿನಿಂದ ಮ್ಯಾಗ್ಮಾವನ್ನು ಪಂಪುಗಳ ಸಾಲಿನಿಂದ ಮೇಲೆತ್ತಿ, ಮೇಲಿನ ಕುಲುಮೆಗಳನ್ನು ಉರುವಲಿಲ್ಲದೆ ನಡೆಸಬೇಕು. ಕುಲುಮೆ ಹೊತ್ತಿಕೊಂಡ ದಿನ ಕೋಟೆಗೆ ನಿವೃತ್ತಿ. ಈ ಪಂಪುಗಳ ಬಗ್ಗೆ ಅನುಭವಿಗಳ ಸಲಹೆಯಿದ್ದರೆ ತಿಳಿಸಿ.

ಕಲ್ಲುಕುಟಿಗ

ಒಳ್ಳೆಯ ಉದ್ದೇಶ, ಆದರೆ ಲೆಕ್ಕ ನೋಡಿ ಕೈಹಾಕಿ. ಒಂದು ಪಂಪು ಮ್ಯಾಗ್ಮಾವನ್ನು ಒಂದೇ ಒಂದು ಹಂತ ಮೇಲೆತ್ತುತ್ತದೆ. ಆದ್ದರಿಂದ ಕುಲುಮೆಗೂ ಮ್ಯಾಗ್ಮಾ ಕಡಲಿಗೂ ನಡುವೆ ಎಷ್ಟು ಹಂತಗಳಿವೆಯೋ ಸುಮಾರು ಅಷ್ಟು ಪಂಪುಗಳು ಬೇಕು. ಪ್ರತಿಯೊಂದು ಪಂಪಿಗೂ 10 ಘಟಕ ಶಕ್ತಿ ಬೇಕು. ಹರಿಯುವ ನೀರಿನ ಮೇಲೆ ಕೂರಿಸಿದ ಒಂದು ಜಲಚಕ್ರ 100 ಘಟಕ ಕೊಟ್ಟು ತನಗಾಗಿ 10 ಬಳಸಿಕೊಳ್ಳುತ್ತದೆ. ಪಂಪಿನ ಕೊಳವೆ, ತಿರುಪು, ದಿಮ್ಮಿ ಮೂರೂ ಮ್ಯಾಗ್ಮಾದ ಶಾಖವನ್ನು ತಾಳುವ ವಸ್ತುವಿನದಾಗಿರಬೇಕು. ಕಬ್ಬಿಣ, ಉಕ್ಕು ತಾಳುತ್ತವೆ, ತಾಮ್ರ ಕರಗುತ್ತದೆ, ಮರ ಉರಿದುಹೋಗುತ್ತದೆ. ಮರಳು ಸಿಗುವ ಜಾಗವಾದರೆ ಹಸಿರು ಗಾಜಿನಲ್ಲಿ ಮಾಡಿಸುವುದು ಅಗ್ಗವಾದ ದಾರಿ, ಗಾಜು ಮ್ಯಾಗ್ಮಾವನ್ನು ತಡೆಯುತ್ತದೆ. ಇಷ್ಟೆಲ್ಲ ಆದ ಮೇಲೂ ಪಂಪುಗಳು ಓಡುತ್ತಿರುವಾಗ ಮ್ಯಾಗ್ಮಾದ ಚಲನೆಯ ಲೆಕ್ಕದಿಂದ ಆಟದ ವೇಗ ಬಹಳ ಇಳಿಯುತ್ತದೆ, ನಿಧಾನಿಯವರು ಹೇಳಿದ 84 ನಿಮಿಷದ ಋತುಗಳು ಅಲ್ಲೇ ಆರಂಭವಾಗುತ್ತವೆ. ಶಕ್ತಿಯ ಸಂಪರ್ಕಕ್ಕೆ ಒಂದು ಲಿವರ್ ಜೋಡಿಸಿ, ತೊಟ್ಟಿ ತುಂಬಿದ ಕೂಡಲೇ ಪಂಪು ನಿಲ್ಲಿಸಿ.

ನನ್ನನ್ನು ಕೇಳುವುದಾದರೆ ಮ್ಯಾಗ್ಮಾವನ್ನು ಮೇಲೆ ತರುವ ಬದಲು ಕುಲುಮೆಗಳನ್ನೇ ಕೆಳಗೆ ಕೊಂಡೊಯ್ಯುವುದು ಮೇಲು. ಕಡಲಿನ ಅಂಚಿನಲ್ಲಿ, ಮೇಲ್ಭಾಗದ ಕಲ್ಲಿನಲ್ಲಿ ಒಂದು ಸಣ್ಣ ಕಾರ್ಯಾಗಾರ ತೋಡಿ, ಪಕ್ಕದಲ್ಲೇ ಅದಿರಿನ ದಾಸ್ತಾನು, ಕಮ್ಮಾರರಿಗೆ ಹಾಸಿಗೆ, ಊಟ, ಮದ್ಯ ಇರಿಸಿದರೆ ಪಂಪುಗಳ ಸಾಲಿಗೆ ಬೇಕಾದ ಶ್ರಮದ ಚಿಕ್ಕ ಭಾಗದಲ್ಲೇ ಉಕ್ಕು ಹೊರಬರುತ್ತದೆ. ಮ್ಯಾಗ್ಮಾ ಇರುವ ಚೌಕದ ಕಡೆಗೆ ತೆರೆದ ಕಿಂಡಿ ಬಿಡಬೇಡಿ, ಅಲ್ಲಿಂದ ಬೆಂಕಿಯ ಜೀವಿಗಳು ಹತ್ತಿ ಬರುತ್ತವೆ. ಗುಹೆಗಳ ಮೂಲಕ ಇಳಿಯುವ ಮೆಟ್ಟಿಲ ದಾರಿಯ ಸುತ್ತ ಗೋಡೆ ಕಟ್ಟಿದ ಮೇಲಷ್ಟೇ ಕಮ್ಮಾರರನ್ನು ಕಳುಹಿಸಿ. ಜಾಗದ ನಕ್ಷೆಯನ್ನು ಇಲ್ಲಿ ಹಾಕಿದರೆ ಗೋಡೆ ಎಲ್ಲಿ ಬರಬೇಕೆಂಬುದನ್ನು ನೋಡಿ ಹೇಳುತ್ತೇನೆ.